ಬಿಗ್ ಇಯರ್‌ನ ಕೊನೆಯ 92 ದಿನ: ಕರ್ನಾಟಕದಲ್ಲಿ ಯಾವ ಹಕ್ಕಿಗೆ ಯಾವಾಗ ಹೊರಡಬೇಕು

ಅಕ್ಟೋಬರ್ ಹುಟ್ಟುತ್ತಿದ್ದಂತೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: "ಪಟ್ಟಿ ನಿಂತಲ್ಲೇ ನಿಂತಿದೆ, ಇನ್ನು ಎಲ್ಲಿಗೆ ಹೋಗಲಿ?" ಎಲ್ಲಿಗೆ ಎಂದು ಕೇಳುವ ಮೊದಲು ಯಾವಾಗ ಎಂದು ಕೇಳಿಕೊಳ್ಳಿ. ಕೊನೆಯ ಮೂರು ತಿಂಗಳಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಫೆಬ್ರವರಿವರೆಗೂ ಕೂತಿರುವ ಹೆಬ್ಬಾತಿಗಾಗಿ ಅಕ್ಟೋಬರ್‌ನಲ್ಲಿ ಓಡುತ್ತಾರೆ, ಎರಡು ವಾರದಲ್ಲಿ ದಾಟಿಹೋಗುವ ನೊಣಹಿಡುಕಗಳನ್ನು ಕೈಬಿಡುತ್ತಾರೆ.

ಹೊಸಬರಿಗಾಗಿ: ಜನವರಿ 1ರಿಂದ ಡಿಸೆಂಬರ್ 31ರವರೆಗೆ ಒಂದು ಗಡಿಯೊಳಗೆ ಎಷ್ಟು ಪ್ರಭೇದದ ಹಕ್ಕಿಗಳನ್ನು ನೋಡುತ್ತೀರಿ ಅಥವಾ ದನಿಯಿಂದ ಗುರುತಿಸುತ್ತೀರಿ ಎಂಬ ಲೆಕ್ಕವೇ ಬಿಗ್ ಇಯರ್. ಇಲ್ಲಿ ಗಡಿ ಕರ್ನಾಟಕ ರಾಜ್ಯ, ಲೆಕ್ಕ ಇಡುವುದು ಇ-ಬರ್ಡ್‌ನಲ್ಲಿ (ಹಕ್ಕಿ ನೋಡಿದವರು ತಮ್ಮ ಪಟ್ಟಿ ಹಾಕುವ ಜಾಲತಾಣ, ಆ್ಯಪ್) ಎಂದು ಹಿಡಿದುಕೊಂಡಿದ್ದೇವೆ. ಜಿಲ್ಲೆಯ ಬಿಗ್ ಇಯರ್ ಮಾಡುವವರಿಗೂ ಕ್ರಮ ಇದೇ, ದೂರ ಮಾತ್ರ ಕಡಿಮೆ.

ಕೈಯಲ್ಲಿ ಇರಬೇಕಾದ್ದು: ದುರ್ಬೀನು, ಕರಾವಳಿಗೂ ದೊಡ್ಡ ಕೆರೆಗಳಿಗೂ 20–60 ಪಟ್ಟು ಹಿಗ್ಗಿಸುವ ಸ್ಕೋಪ್ (ಸ್ವಂತದ್ದಿಲ್ಲದಿದ್ದರೆ ಇರುವವರ ಜೊತೆ ಹೋಗಿ, ಸ್ಕೋಪ್ ಇಲ್ಲದೆ ಕಡಲಹಕ್ಕಿ ಗುರುತಿಸುವ ಆಸೆ ಬಿಡಿ), ಮುಂಚೆಯೇ ಇಳಿಸಿಕೊಂಡ ಆಫ್‌ಲೈನ್ ನಕ್ಷೆ, 20,000 ಎಂಎಎಚ್ ಪವರ್ ಬ್ಯಾಂಕ್, ಮಲೆನಾಡಿಗೆ ಇಂಬಳ ತಡೆಯುವ ಕಾಲುಚೀಲ, ಉಬ್ಬರ-ಇಳಿತದ ವೇಳಾಪಟ್ಟಿ. ಇವುಗಳ ಜೊತೆಗೆ ಒಂದು ಗೋಡೆ ಕ್ಯಾಲೆಂಡರ್. ಫೋನಿನ ಕ್ಯಾಲೆಂಡರ್‌ನಲ್ಲಿ ಮೂರು ತಿಂಗಳು ಒಟ್ಟಿಗೆ ಕಣ್ಣಿಗೆ ಬೀಳುವುದಿಲ್ಲ.

1. ಮೊದಲು ಇರುವ ಪಟ್ಟಿಯನ್ನು ಸೋಸಿ

ಹೊಸ ಹಕ್ಕಿಗೆ ಹೊರಡುವ ಮುನ್ನ ಹಳೆಯ ಲೆಕ್ಕ ಸರಿಯಿದೆಯೇ ನೋಡಿ. ಒಂದು ಸಂಜೆಯ ಕೆಲಸ.

ಇ-ಬರ್ಡ್ ತನ್ನ ಪ್ರಭೇದಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಅಕ್ಟೋಬರ್ ಸುಮಾರಿಗೆ, ಪರಿಷ್ಕರಿಸುತ್ತದೆ. ಒಂದು ಪ್ರಭೇದ ಎರಡಾಗಬಹುದು, ಎರಡು ಒಂದಾಗಬಹುದು. ಹಾಗಾಗಿ ಪಟ್ಟಿ ಒಂದೆರಡು ಏರಿಳಿದರೆ ಗಾಬರಿ ಬೇಡ. ಆದರೆ ಪುಸ್ತಕ ನೋಡಿ ಕೈಯಲ್ಲಿ ಲೆಕ್ಕ ಇಡುವವರು ಇಲ್ಲಿ ಮೋಸಹೋಗುತ್ತಾರೆ. ಮಲ್ಪೆಯಲ್ಲಿ ಕಾಣುವ ಕಡಲಹಕ್ಕಿಗಳಾದ ಹ್ಯೂಗ್ಲಿನ್ಸ್ ಗಲ್ ಮತ್ತು ಸ್ಟೆಪ್ಪಿ ಗಲ್ ಎರಡೂ ಇ-ಬರ್ಡ್‌ನಲ್ಲಿ ಲೆಸ್ಸರ್ ಬ್ಲ್ಯಾಕ್-ಬ್ಯಾಕ್ಡ್ ಗಲ್‌ನ ಉಪಪ್ರಭೇದಗಳು. ಎರಡನ್ನೂ ನೋಡಿದರೂ ಸಿಗುವುದು ಒಂದೇ ಅಂಕ. ಹ್ಯೂಮ್ಸ್ ವೈಟ್‌ಥ್ರೋಟ್‌ದೂ ಇದೇ ಕಥೆ, ಅದು ಲೆಸ್ಸರ್ ವೈಟ್‌ಥ್ರೋಟ್‌ನೊಳಗೇ ಸೇರುತ್ತದೆ.

ಪಂಜರದಿಂದ ತಪ್ಪಿಸಿಕೊಂಡ ಹಕ್ಕಿಗಳನ್ನು ಕಳೆಯಿರಿ. ಗಡಿಯ ಹಕ್ಕಿಗಳನ್ನೂ ನೋಡಿ: ಕಬಿನಿ, ಬಂಡೀಪುರದ ಮೂಲೆಹೊಳೆ, ತಲಕಾವೇರಿಯ ಬೆಟ್ಟಸಾಲು, ರಾಯಚೂರಿನ ಕೃಷ್ಣಾ ತೀರ, ಇಲ್ಲೆಲ್ಲ ನೀವು ಒಂದು ರಾಜ್ಯದಲ್ಲಿ, ಹಕ್ಕಿ ಇನ್ನೊಂದರಲ್ಲಿ ಇರುವುದು ಸಾಮಾನ್ಯ. ನೀವೂ ಹಕ್ಕಿಯೂ ಇಬ್ಬರೂ ಕರ್ನಾಟಕದೊಳಗೆ ಇದ್ದರೆ ಮಾತ್ರ ಎಣಿಸಿ. ಆಗ ಯಾರೂ ತಕರಾರು ತೆಗೆಯುವಂತಿಲ್ಲ.

ಮರ್ಲಿನ್ ಆ್ಯಪ್ ದನಿ ಕೇಳಿ ಹೆಸರು ತೋರಿಸಿತು ಎಂಬ ಒಂದೇ ಕಾರಣಕ್ಕೆ ಪಟ್ಟಿಗೆ ಹಾಕಿದ ಹಕ್ಕಿಗಳಿದ್ದರೆ ಅವನ್ನೂ ತೆಗೆದು "ಬಾಕಿ"ಗೆ ಸೇರಿಸಿ. ಅದು ಸುಳಿವು, ಸಾಕ್ಷಿ ಅಲ್ಲ.

2. ಬಾಕಿ ಹಕ್ಕಿಗಳನ್ನು ನಾಲ್ಕು ಗುಂಪು ಮಾಡಿ

ಇ-ಬರ್ಡ್‌ನ ಎಕ್ಸ್‌ಪ್ಲೋರ್ ಪುಟದಲ್ಲಿ ಟಾರ್ಗೆಟ್ ಸ್ಪೀಷೀಸ್ ಎಂಬ ಸೌಲಭ್ಯವಿದೆ. ರಾಜ್ಯ, ತಿಂಗಳು ಮತ್ತು ಈ ವರ್ಷದ ಪಟ್ಟಿ ಆಯ್ದುಕೊಂಡರೆ ನೀವು ನೋಡದ ಹಕ್ಕಿಗಳು ಶೇಕಡಾವಾರು ಕ್ರಮದಲ್ಲಿ ಬರುತ್ತವೆ. ಎದುರಿಗಿರುವ ಶೇಕಡಾ ಎಂದರೆ ಆ ತಿಂಗಳಲ್ಲಿ ಸಲ್ಲಿಕೆಯಾದ ಸಂಪೂರ್ಣ ಚೆಕ್‌ಲಿಸ್ಟ್‌ಗಳಲ್ಲಿ (ನೋಡಿದ, ಕೇಳಿದ ಎಲ್ಲ ಹಕ್ಕಿಗಳನ್ನೂ ಬರೆದ ಪಟ್ಟಿ) ಎಷ್ಟರಲ್ಲಿ ಆ ಹಕ್ಕಿ ಇದೆ ಎಂಬ ಲೆಕ್ಕ.

ಬಹುತೇಕರು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಒಟ್ಟಿಗೆ ಹುಡುಕುತ್ತಾರೆ. ಹಾಗೆ ಮಾಡಬೇಡಿ. ಮೂರು ತಿಂಗಳನ್ನೂ ಬೇರೆ ಬೇರೆಯಾಗಿ ತೆಗೆದು ಅಕ್ಕಪಕ್ಕ ಇಡಿ. ಅಕ್ಟೋಬರ್‌ನಲ್ಲಿ ಹೆಚ್ಚಿದ್ದು ಡಿಸೆಂಬರ್‌ಗೆ ಇಳಿಯುವ ಹಕ್ಕಿಗೆ ಈಗಲೇ ಹೊರಡಬೇಕು. ಅಕ್ಟೋಬರ್‌ನಲ್ಲಿ ಇಲ್ಲದೆ ಡಿಸೆಂಬರ್‌ನಲ್ಲಿ ಏರುವ ಹಕ್ಕಿ ಕಾಯುತ್ತದೆ. ಈ ಹೋಲಿಕೆಯಿಂದ ನಾಲ್ಕು ಗುಂಪು ತಾನಾಗಿಯೇ ಮೂಡುತ್ತದೆ.

ಅ) ದಾರಿಹೋಕರು: ನಮ್ಮಲ್ಲಿ ತಂಗದೆ ದಾಟಿಹೋಗುವ ವಲಸೆ ಹಕ್ಕಿಗಳು. ಸ್ಪಾಟೆಡ್ ಫ್ಲೈಕ್ಯಾಚರ್, ಯುರೋಪಿಯನ್ ರೋಲರ್, ನವೆಂಬರ್‌ನಲ್ಲಿ ಅಮೂರ್ ಫಾಲ್ಕನ್.

ಆ) ಚಳಿಗಾಲದ ಬಿಡಾರದವರು: ಬಂದು ಮಾರ್ಚ್‌ವರೆಗೂ ಇರುವವರು. ಪಟ್ಟೆತಲೆ ಹೆಬ್ಬಾತು, ಬಾತುಗಳು, ಸೆಳೆವಗಳು (ಹ್ಯಾರಿಯರ್), ನವರಂಗ (ಪಿಟ್ಟಾ), ಎಲೆ ಉಲಿಯಕ್ಕಿಗಳು (ಲೀಫ್ ವಾರ್ಬ್ಲರ್).

ಇ) ಸ್ಥಳೀಯರು, ಆದರೆ ಹಟಮಾರಿಗಳು: ಫ್ರಾಗ್‌ಮೌತ್, ಪೇಂಟೆಡ್ ಸ್ಪರ್‌ಫೌಲ್, ಯೆಲ್ಲೊ-ಥ್ರೋಟೆಡ್ ಬುಲ್‌ಬುಲ್, ಗೂಬೆಗಳು.

ಈ) ಹೊತ್ತು ಮೀರಿದವರು. ಮಳೆಗಾಲದಲ್ಲಿ ಕೂಗಿ ಈಗ ಬಾಯಿ ಮುಚ್ಚಿದ ರೇನ್ ಕ್ವೇಲ್, ದನಿ ಕೇಳದೆ ಗುರುತು ಹಿಡಿಯಲಾಗದ ನತ್ತಿಂಗ (ನೈಟ್‌ಜಾರ್) ಜಾತಿಗಳು, ಮುಂಗಾರಿನ ಅಬ್ಬರದಲ್ಲಿ ದಡದ ಹತ್ತಿರ ಬರುವ ಸ್ಟಾರ್ಮ್ ಪೆಟ್ರೆಲ್. ಇವುಗಳ ಮೇಲೆ ಅಡ್ಡಗೆರೆ ಎಳೆಯಿರಿ. ದಾರಿಯಲ್ಲಿ ಸಿಕ್ಕರೆ ಸಿಗಲಿ, ಅದಕ್ಕೆಂದೇ ಒಂದು ದಿನವನ್ನೂ ಕೊಡಬೇಡಿ. ಈ ಗೆರೆ ಎಳೆಯುವುದು ಎಲ್ಲಕ್ಕಿಂತ ಕಷ್ಟದ ಕೆಲಸ, ಅದರಿಂದ ಸಿಗುವ ಲಾಭವೂ ದೊಡ್ಡದು.

ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಯಾವ ಗುಂಪಿಗೂ ಬೇಡ. ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿರುವ ಹಕ್ಕಿಯ ಹಿಂದೆ ಅಂಕಕ್ಕಾಗಿ ಹೊಲ ಸುತ್ತುವುದು ನಮ್ಮ ಪ್ರಕಾರ ತಪ್ಪು. ಇ-ಬರ್ಡ್ ಕೂಡ ಅದರ ಜಾಗವನ್ನು ಮರೆಮಾಡುತ್ತದೆ.

3. ಸಿಗುವ ಸಾಧ್ಯತೆಯನ್ನು ಲೆಕ್ಕ ಹಾಕಿ

ಒಂದು ಜಾಗದಲ್ಲಿ ಹಕ್ಕಿಯ ಶೇಕಡಾ 20 ಇದೆ ಎನ್ನಿ. ಒಂದು ಪಟ್ಟಿಯಲ್ಲಿ ಸಿಗದಿರುವ ಸಾಧ್ಯತೆ 0.8. ನಾಲ್ಕು ಪಟ್ಟಿ ಮಾಡಿದರೂ ಸಿಗದಿರುವುದು 0.8 × 0.8 × 0.8 × 0.8 = 0.41. ಅಂದರೆ ಸಿಗುವ ಅವಕಾಶ ಸುಮಾರು 59%. ಅದೇ ಶೇಕಡಾ 5 ಇದ್ದರೆ ಅರ್ಧದಷ್ಟು ಅವಕಾಶಕ್ಕೇ 14 ಪಟ್ಟಿ ಬೇಕು. ಒಂದು ವಾರಾಂತ್ಯದಲ್ಲಿ ಒಂದೇ ಜಾಗದಲ್ಲಿ 14 ಒಳ್ಳೆಯ ಪಟ್ಟಿ ಆಗುವ ಮಾತಲ್ಲ. ಆದ್ದರಿಂದ 5%ಗಿಂತ ಕೆಳಗಿನ ಒಂದೇ ಹಕ್ಕಿಗಾಗಿ ದೂರ ಪ್ರಯಾಣ ಬೇಡ. ಅಂಥವು ಮೂರು-ನಾಲ್ಕು ಒಂದೇ ಜಾಗದಲ್ಲಿ ಸೇರಿದರೆ ಹೋಗಿ.

ರಾಜ್ಯದ ಸರಾಸರಿಯನ್ನು ಈ ಲೆಕ್ಕಕ್ಕೆ ಬಳಸಬೇಡಿ. ಬೆಂಗಳೂರಿನ ಕೆರೆಗಳಿಂದ ಬರುವ ಪಟ್ಟಿಗಳ ರಾಶಿಯಲ್ಲಿ ಕಾಡುಹಕ್ಕಿಗಳ ಶೇಕಡಾ ಕರಗಿಹೋಗಿರುತ್ತದೆ. ಆಯಾ ಹಾಟ್‌ಸ್ಪಾಟ್‌ನ (ಎಲ್ಲರೂ ಪಟ್ಟಿ ಹಾಕುವ ಗೊತ್ತಾದ ತಾಣ) ಬಾರ್ ಚಾರ್ಟ್ ತೆರೆದು ನೋಡಿ.

4. ಕ್ಯಾಲೆಂಡರ್ ತುಂಬುವ ಮೊದಲು ಖಾಲಿ ದಿನ ಗುರುತಿಸಿ

ಅಕ್ಟೋಬರ್ 1ರಿಂದ ಡಿಸೆಂಬರ್ 31ಕ್ಕೆ 92 ದಿನ. ಕೆಲಸಕ್ಕೆ ಹೋಗುವವರಿಗೆ ವಾರಾಂತ್ಯ, ಹಬ್ಬ, ರಜೆ ಸೇರಿಸಿ 30ರ ಆಸುಪಾಸು ದಿನ ಸಿಕ್ಕರೆ ಹೆಚ್ಚು. ಅದರಲ್ಲಿ ಕಾಲು ಭಾಗವನ್ನು ಏನೂ ಬರೆಯದೆ ಬಿಡಿ. ಎಲ್ಲಾದರೂ ಅಪರೂಪದ ಹಕ್ಕಿ ಕಾಣಿಸಿಕೊಂಡಾಗ ಓಡಲು ಆ ದಿನಗಳು ಬೇಕು. ಪೂರ್ತಿ ತುಂಬಿದ ಕ್ಯಾಲೆಂಡರ್ ಇದ್ದವರು ಡಿಸೆಂಬರ್‌ನಲ್ಲಿ ಕೈಕೈ ಹಿಸುಕಿಕೊಳ್ಳುತ್ತಾರೆ.

ಬಳಿಕ ಹೋಗಬಾರದ ದಿನಗಳನ್ನು ಕೆಂಪಿನಲ್ಲಿ ಬರೆಯಿರಿ:

- ದಸರೆಯ ವಾರ ಮೈಸೂರು, ಶ್ರೀರಂಗಪಟ್ಟಣ, ಮಡಿಕೇರಿ.
- ದತ್ತ ಜಯಂತಿಯ ಸುತ್ತಲಿನ ದಿನಗಳಲ್ಲಿ (ಡಿಸೆಂಬರ್) ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ. ಜಿಲ್ಲಾಡಳಿತ ಪ್ರವಾಸಿಗರಿಗೆ ನಿರ್ಬಂಧ ಹಾಕುತ್ತದೆ.
- ಕ್ರಿಸ್‌ಮಸ್‌ನಿಂದ ವರ್ಷಾಂತ್ಯದವರೆಗೆ ದಾಂಡೇಲಿ, ಕೊಡಗು, ಗೋಕರ್ಣ. ಕೋಣೆ ಸಿಗದು, ಸಿಕ್ಕರೂ ಬಾಡಿಗೆ ಕೇಳುವಂತಿಲ್ಲ, ರಸ್ತೆಯಲ್ಲಿ ಹಕ್ಕಿಗಿಂತ ಹಾರ್ನ್ ಹೆಚ್ಚು.
- ಶನಿವಾರ, ಭಾನುವಾರದ ಬೆಳಗು ನಂದಿಬೆಟ್ಟ. ವಾರದ ನಡುವೆ ಒಂದು ದಿನ ರಜೆ ಹಾಕಿ ಹೋಗುವುದೇ ಮೇಲು.

ರಾತ್ರಿ ಸಂಚಾರದ ನಿರ್ಬಂಧವನ್ನೂ ಬರೆದುಕೊಳ್ಳಿ. ಬಂಡೀಪುರದ ಹೆದ್ದಾರಿ 766 ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ, ನಾಗರಹೊಳೆ ಮೂಲಕ ಮಾನಂದವಾಡಿಗೆ ಹೋಗುವ ರಸ್ತೆ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಚಾರಣದ ದಾರಿಗಳಿಗೆ ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮುಂಗಡ ಟಿಕೆಟ್ ತೆಗೆಯಬೇಕು, ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇದೆ.

5. ಅಕ್ಟೋಬರ್: ದಾರಿಹೋಕರು ಮತ್ತು ಕಡಲು

ಮೊದಲ ಮೂರು ವಾರ ದೂರ ಹೋಗಬೇಡಿ. ಹತ್ತಿರದ ಮರ ತುಂಬಿದ ಕ್ಯಾಂಪಸ್, ಕೆರೆ ಪಕ್ಕದ ತೋಪು, ನಂದಿಬೆಟ್ಟದ ಕಾಡು ಇವನ್ನೇ ಪದೇ ಪದೇ ನೋಡಿ. ದಾರಿಹೋಕ ಹಕ್ಕಿ ಇಂದು ಇದ್ದದ್ದು ನಾಳೆ ಇರುವುದಿಲ್ಲ, ಹಾಗಾಗಿ ಒಂದೇ ಜಾಗಕ್ಕೆ ನಾಲ್ಕು ಬಾರಿ ಹೋಗುವುದು ನಾಲ್ಕು ಜಾಗಕ್ಕೆ ಒಂದೊಂದು ಬಾರಿ ಹೋಗುವುದಕ್ಕಿಂತ ಲಾಭ. ರಾತ್ರಿ ಮಳೆ ಬಂದು ಬೆಳಗ್ಗೆ ಮೋಡ ಹರಿದ ದಿನ ತಪ್ಪಿಸಿಕೊಳ್ಳಬೇಡಿ, ರಾತ್ರಿ ಹಾರುತ್ತಿದ್ದ ಹಕ್ಕಿಗಳು ಮಳೆಗೆ ಕೆಳಗಿಳಿದಿರುತ್ತವೆ. ನವರಂಗವೂ ಇದೇ ಹೊತ್ತಿಗೆ ಬಂದಿಳಿಯುತ್ತದೆ. ಹಗಲಿಡೀ ತರಗೆಲೆ ಕೆದಕುತ್ತ ಅಡಗಿದ್ದು, ಮುಂಜಾನೆ ಮತ್ತು ಮುಸ್ಸಂಜೆ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ಆ ಹತ್ತು-ಹದಿನೈದು ನಿಮಿಷ ಸುಮ್ಮನೆ ನಿಂತರೆ ಸಾಕು.

ನಂದಿಯಲ್ಲಿ ನೀಲಗಿರಿ ವುಡ್ ಪಿಜನ್, ಬ್ಲೂ-ಕ್ಯಾಪ್ಡ್ ರಾಕ್ ಥ್ರಷ್, ಬಂಡೆಗಳ ಬಳಿ ಯೆಲ್ಲೊ-ಥ್ರೋಟೆಡ್ ಬುಲ್‌ಬುಲ್ ಒಂದೇ ಬೆಳಗಿನಲ್ಲಿ ಆಗಬಹುದು. ಅಕ್ಟೋಬರ್‌ನಲ್ಲೇ ಮುಗಿಸಿ, ಡಿಸೆಂಬರ್‌ನಲ್ಲಿ ಬೆಟ್ಟದ ತಲೆ ಎಷ್ಟೋ ದಿನ ಬೆಳಗ್ಗೆ ಎಂಟು-ಒಂಬತ್ತರವರೆಗೂ ಮಂಜಿನಲ್ಲಿ ಮುಳುಗಿರುತ್ತದೆ.

ಕಡಲಿಗೆ ಹೋಗುವುದಾದರೂ ಈಗಲೇ. ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿದು ಬಂದರುಗಳು ಚುರುಕಾಗಿರುತ್ತವೆ, ಕಡಲೂ ಶಾಂತವಾಗುತ್ತ ಬಂದಿರುತ್ತದೆ. ಮಲ್ಪೆಯಿಂದ ದೋಣಿ ಗೊತ್ತುಮಾಡಿ ದಡದಿಂದ 15–20 ಕಿ.ಮೀ. ಆಚೆ ಹೋದರೆ ಯೇಗರ್‌ಗಳು (ಬೇರೆ ಕಡಲಹಕ್ಕಿಗಳ ಮೀನು ಕಸಿಯುವ ಜಾತಿ) ಸಿಗುವ ಅವಕಾಶವಿದೆ. ಬಲೆ ಎಳೆಯುವ ದೋಣಿಯ ಹಿಂದೆ ಗಲ್, ರೀವಗಳ (ಟರ್ನ್) ಗುಂಪು ಇರುವಲ್ಲಿ ನಿಂತು ನೋಡಿ. ಎಲ್ಲರಿಗೂ ಜೀವರಕ್ಷಕ ಜಾಕೆಟ್ ಇರಲಿ, ಹೊರಡುವ ಮುನ್ನ ಕರಾವಳಿ ಕಾವಲು ಪೊಲೀಸರಿಗೆ ತಿಳಿಸಿ, ಪಟ್ಟಿಯನ್ನು ಗಂಟೆಗೊಂದರಂತೆ ಹಾಕಿ. ವಾಂತಿ ತಡೆಯುವ ಮಾತ್ರೆಯನ್ನು ದೋಣಿ ಹತ್ತಿದ ಮೇಲೆ ನುಂಗಿದರೆ ಪ್ರಯೋಜನವಿಲ್ಲ, ಅರ್ಧ ಗಂಟೆ ಮೊದಲೇ ತೆಗೆದುಕೊಳ್ಳಿ.

6. ನವೆಂಬರ್: ಅಳಿವೆ, ಬೆಟ್ಟಸಾಲು

ಇಲ್ಲೊಂದು ದೊಡ್ಡ ತಪ್ಪು ಆಗುತ್ತದೆ. ಉಳ್ಳಂಕಿ, ಗೊರವ ಮುಂತಾದ ಕೆಸರುಹಕ್ಕಿಗಳಿಗೆಂದು ಜನ ಒಳನಾಡಿನ ಕೆರೆಗಳಿಗೆ ಹೋಗುತ್ತಾರೆ. ಮುಂಗಾರು ಚೆನ್ನಾಗಿ ಆದ ವರ್ಷ ನವೆಂಬರ್‌ನಲ್ಲಿ ಕೆರೆ ಕೋಡಿ ಹರಿಯುತ್ತಿರುತ್ತದೆ, ಏರಿಯವರೆಗೂ ನೀರು. ಕೆಸರು ಕಾಣದಿದ್ದರೆ ಕೆಸರುಹಕ್ಕಿ ಎಲ್ಲಿ ಕೂರಬೇಕು? ಆಲಮಟ್ಟಿ, ತುಂಗಭದ್ರಾ ಹಿನ್ನೀರುಗಳೂ ಹಾಗೆಯೇ. ನೀರು ಇಳಿದ ಮೇಲೆ ಅಂಚಿನ ಕೆಸರು ತೆರೆದುಕೊಳ್ಳುತ್ತದೆ, ಫ್ಲೆಮಿಂಗೊಗಳೂ ಆಗಲೇ ಹೆಚ್ಚು. ನವೆಂಬರ್‌ನಲ್ಲಿ ಕೆಸರಿಗೆ ಬರ ಇಲ್ಲದ ಜಾಗ ಕರಾವಳಿಯ ಅಳಿವೆಗಳು: ಕುಮಟಾ ಬಳಿಯ ಅಘನಾಶಿನಿ (2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಯಿತು), ಹೊನ್ನಾವರದ ಶರಾವತಿ, ಕಾರವಾರದ ಕಾಳಿ.

ಅಳಿವೆಯಲ್ಲಿ ಗಡಿಯಾರಕ್ಕಿಂತ ಉಬ್ಬರ ಮುಖ್ಯ. ಪೂರ್ತಿ ಇಳಿತದಲ್ಲಿ ಹಕ್ಕಿಗಳು ಕಣ್ಣಿಗೆ ನಿಲುಕದಷ್ಟು ದೂರ ಚದುರುತ್ತವೆ, ಪೂರ್ತಿ ಉಬ್ಬರದಲ್ಲಿ ಎಲ್ಲೋ ಗುಂಪಾಗಿ ಮಲಗುತ್ತವೆ. ನೀರು ಏರುತ್ತಿರುವ ಎರಡು ತಾಸು ಸ್ಕೋಪ್ ಹಾಕಿ ಕೂತರೆ ನೀರೇ ಹಕ್ಕಿಗಳನ್ನು ನಿಮ್ಮ ಕಡೆ ತಳ್ಳುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹಾಗಾಗಿ ಈ ಶನಿವಾರದ ವೇಳೆ ಮುಂದಿನ ಶನಿವಾರಕ್ಕೆ ಹೊಂದದು. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಏರಿಳಿತ ಹೆಚ್ಚು. ಬೆಂಗಳೂರಿನಿಂದ ಹೋಗುವವರಿಗೆ ರಾತ್ರಿಯ ಪಂಚಗಂಗಾ ಎಕ್ಸ್‌ಪ್ರೆಸ್ ಅನುಕೂಲ. ರಾತ್ರಿಯಿಡೀ ಕಾರು ಓಡಿಸಿ ಬೆಳಗ್ಗೆ ಸ್ಕೋಪ್‌ನಲ್ಲಿ ಕಣ್ಣಿಟ್ಟರೆ ಗಲ್‌ಗಳೆಲ್ಲ ಒಂದೇ ಥರ ಕಾಣುತ್ತವೆ.

ಅಮೂರ್ ಫಾಲ್ಕನ್‌ಗೆ ಇದೇ ತಿಂಗಳು. ಈಶಾನ್ಯ ಭಾರತದಲ್ಲಿ ತಂಗಿದ್ದ ಹಿಂಡುಗಳು ಪರ್ಯಾಯ ದ್ವೀಪವನ್ನು ಅಡ್ಡ ಹಾಯ್ದು, ಅರಬ್ಬೀ ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಗುತ್ತವೆ. ಘಟ್ಟದ ತೆರೆದ ಬೆಟ್ಟಸಾಲು, ಅದರ ಪಕ್ಕದ ಹೊಲಬಯಲುಗಳಲ್ಲಿ ಮಧ್ಯಾಹ್ನ ಆಕಾಶ ನೋಡಿ, ವಿದ್ಯುತ್ ತಂತಿಗಳನ್ನು ಸಂಜೆ ನೋಡಿ. ಜೊತೆಯಲ್ಲಿ ಲೆಸ್ಸರ್ ಕೆಸ್ಟ್ರೆಲ್ ಇರಬಹುದು, ಒಂದೊಂದನ್ನೂ ಬಿಡದೆ ಪರೀಕ್ಷಿಸಿ.

7. ಡಿಸೆಂಬರ್: ಘಟ್ಟದ ಕಾಡು, ಬಯಲುಸೀಮೆ

ದಾಂಡೇಲಿ ಬಳಿಯ ಗಣೇಶಗುಡಿಯ ತಂಗುದಾಣ ಓಲ್ಡ್ ಮ್ಯಾಗಜಿನ್ ಹೌಸ್‌ನ ನೀರಿನ ತೊಟ್ಟಿಗಳನ್ನು ನಂಬಿ ನವೆಂಬರ್‌ನಲ್ಲಿ ಹೋಗುವವರು ನಿರಾಶರಾಗುತ್ತಾರೆ. ಹಳ್ಳಗಳಲ್ಲೇ ನೀರು ಹರಿಯುವಾಗ ಹಕ್ಕಿ ತೊಟ್ಟಿಗೆ ಯಾಕೆ ಬರಬೇಕು? ಕಾಡು ಒಣಗಿದಷ್ಟೂ ಒಳ್ಳೆಯದು, ಆದರೆ ವರ್ಷ ಮುಗಿಯುತ್ತದೆ. ಆದ್ದರಿಂದ ಡಿಸೆಂಬರ್ 5ರಿಂದ 20ರ ನಡುವೆ, ವಾರದ ದಿನಗಳಲ್ಲಿ ಕಾಯ್ದಿರಿಸಿ. ನಾಲ್ಕು ಜಾತಿಯ ಮಂಗಟ್ಟೆಗಳೂ ದಾಂಡೇಲಿ ಸುತ್ತಮುತ್ತ ಇವೆ. ಯಾವ ಆಲ, ಅತ್ತಿ, ಬಸರಿ ಮರ ಹಣ್ಣು ಬಿಟ್ಟಿದೆ ಎಂದು ಸ್ಥಳೀಯ ಗೈಡ್‌ಗಳನ್ನು ಕೇಳಿ, ಆ ಮರದ ಕೆಳಗೆ ಎರಡು ತಾಸು ಕೂರಿ. ಫ್ರಾಗ್‌ಮೌತ್ ಹಗಲು ಮಲಗುವ ಪೊದೆಯೂ ಅವರಿಗೇ ಗೊತ್ತು. ಕೊಂಬೆ ಅಲುಗಿಸಬೇಡಿ, ಫ್ಲ್ಯಾಶ್ ಹಾಕಬೇಡಿ. ದನಿಮುದ್ರಿಕೆ ನುಡಿಸಿ ಹಕ್ಕಿ ಕರೆಯುವ ಚಾಳಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಬಯಲುಸೀಮೆಯ ಸುತ್ತಿಗೆ ಐದು ದಿನ ಬೇಕು. ರಾತ್ರಿಯ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೊಸಪೇಟೆಗೆ ಹೋಗಿ, ಅಲ್ಲಿಂದ ಬಾಡಿಗೆ ಕಾರು. ದರೋಜಿಯ ಬಂಡೆಗಳ ನಡುವೆ ಪೇಂಟೆಡ್ ಸ್ಪರ್‌ಫೌಲ್, ಮುಸ್ಸಂಜೆ ಬಂಡೆ ತುದಿಯಲ್ಲಿ ಕೂತು ಕೂಗುವ ಕೊಂಬಿನ ಗೂಬೆ. ಗೌಜಲಕ್ಕಿಗಳಲ್ಲಿ (ಸ್ಯಾಂಡ್‌ಗ್ರೌಸ್) ಎರಡು ಜಾತಿಗೂ ಬೇರೆ ಬೇರೆ ಹೊತ್ತು: ಚೆಸ್ಟ್‌ನಟ್-ಬೆಲ್ಲೀಡ್ ಬಿಸಿಲೇರಿದ ಮೇಲೆ ನೀರಿಗೆ ಬರುತ್ತದೆ, ಪೇಂಟೆಡ್ ಸೂರ್ಯ ಮುಳುಗಿ ಕತ್ತಲಾಗುವಾಗ. ಒಂಬತ್ತು ಗಂಟೆಗೆ ಹೊಂಡದ ಬಳಿ ಪೇಂಟೆಡ್‌ಗಾಗಿ ಕಾಯುವುದು ವ್ಯರ್ಥ.

ಅಂಕಸಮುದ್ರದ ಪಕ್ಷಿ ಸಂರಕ್ಷಿತ ಕೆರೆ ನೋಡಿಕೊಂಡು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ. ಪಟ್ಟೆತಲೆ ಹೆಬ್ಬಾತುಗಳು ಹಗಲು ಕೆರೆಯಲ್ಲಿದ್ದು ಸಂಜೆ ಹೊಲಗಳಿಗೆ ಮೇಯಲು ಹಾರುತ್ತವೆ, ಹಾಗಾಗಿ ಇದೊಂದು ಮಧ್ಯಾಹ್ನಕ್ಕೂ ಆಗುವ ಜಾಗ. ಬಿಳಿಜೋಳ ತೆನೆಗಟ್ಟುವ ಹೊಲಗಳಲ್ಲಿ ಗುಲಾಬಿ ಮೈನಾ ಮತ್ತು ಬಂಟಿಂಗ್‌ಗಳು. ಸೆಳೆವಗಳಿಗೆ ಸೂರ್ಯಾಸ್ತದ ಮುಂಚಿನ ಮುಕ್ಕಾಲು ತಾಸು ಹುಲ್ಲುಗಾವಲಿನ ಅಂಚಿನಲ್ಲಿ ನಿಲ್ಲಿ, ರಾತ್ರಿ ತಂಗಲು ಒಂದೊಂದಾಗಿ ಇಳಿಯುತ್ತವೆ. ಹೆಣ್ಣು ಪ್ಯಾಲಿಡ್ ಮತ್ತು ಹೆಣ್ಣು ಮಾಂಟೆಗ್ಯೂಸ್ ಹ್ಯಾರಿಯರ್ ಗೊಂದಲ ತರುತ್ತವೆ: ಕೆನ್ನೆಯ ಕಪ್ಪಿನ ಹಿಂದೆ ಕುತ್ತಿಗೆ ಸುತ್ತ ಎದ್ದುಕಾಣುವ ತಿಳಿ ಪಟ್ಟಿ ಇದ್ದರೆ ಪ್ಯಾಲಿಡ್. ಚಿತ್ರ ಇಲ್ಲದೆ ಹಟ ಮಾಡಬೇಡಿ.

ಅಕಾಲ ಮಳೆ ಬಿದ್ದರೆ ಎರೆ ಹೊಲದ ದಾರಿಗೆ ಕಾರು ಇಳಿಸಲೇಬೇಡಿ. ಚಕ್ರಕ್ಕೆ ಮಣ್ಣು ಮೆತ್ತಿ ಲಾಕ್ ಆದರೆ ಟ್ರ್ಯಾಕ್ಟರ್ ಬರುವವರೆಗೆ ಆ ದಿನ ಅಲ್ಲಿಗೇ ಮುಗಿಯಿತು.

8. ಅಪರೂಪದ ಹಕ್ಕಿ ಕಂಡಿದೆ ಎಂಬ ಸುದ್ದಿ ಬಂದರೆ

ಇ-ಬರ್ಡ್‌ನಲ್ಲಿ ಕರ್ನಾಟಕದ ರೇರ್ ಬರ್ಡ್ ಅಲರ್ಟ್ ಅನ್ನು ಗಂಟೆಗೊಮ್ಮೆ ಬರುವಂತೆ ಇಟ್ಟುಕೊಳ್ಳಿ. ಸುದ್ದಿ ಬಂದೊಡನೆ ಕೀಲಿ ಹಿಡಿದು ಓಡದೆ ಮೂರು ಪ್ರಶ್ನೆ ಕೇಳಿ: ಕೊನೆಯ ಬಾರಿ ಕಂಡದ್ದು ಎಷ್ಟು ಹೊತ್ತಿಗೆ? ಜಾಗ ಯಾರದ್ದು, ಒಳಗೆ ಬಿಡುತ್ತಾರೆಯೇ? ಹಕ್ಕಿ ಯಾವ ಬಗೆಯದು? ಬಾತು, ಗಲ್, ಕೆಸರುಹಕ್ಕಿಗಳು ಆಹಾರವಿದ್ದರೆ ದಿನಗಟ್ಟಲೆ ಉಳಿಯುತ್ತವೆ. ಹಾರುತ್ತಿದ್ದ ಹದ್ದು ಅಲ್ಲಿ ನಿಮಗಾಗಿ ಕಾಯುವುದಿಲ್ಲ. ಎಂಟು ತಾಸಿಗಿಂತ ದೂರವಿದ್ದರೆ ಎರಡನೇ ದಿನವೂ ಕಂಡಿತು ಎಂಬ ಖಚಿತ ಸುದ್ದಿ ಬಂದ ಮೇಲೆ ಹೊರಡಿ, ದಾರಿಯಲ್ಲಿ ಇನ್ನೊಂದು ಬಾಕಿ ಹಕ್ಕಿಯನ್ನು ಸೇರಿಸಿಕೊಳ್ಳಿ. ಗೂಡಿನ ಜಾಗ, ಗೂಬೆ ಮಲಗುವ ಮರ ಇಂಥವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ.

9. ದಾಖಲೆ, ಕೊನೆಯ ರಾತ್ರಿ

ರಾಜ್ಯದ ಇ-ಬರ್ಡ್ ಪರಿಶೀಲಕರು ಒಪ್ಪದ ದಾಖಲೆ ಸಾರ್ವಜನಿಕ ಲೆಕ್ಕಕ್ಕೆ ಬರುವುದಿಲ್ಲ. ಚಿತ್ರ ಸಿಗದಿದ್ದರೆ ದನಿ ಮುದ್ರಿಸಿ, ಫೋನ್ ಸಾಕು. ಎಲೆ ಉಲಿಯಕ್ಕಿಗಳಲ್ಲಂತೂ ಚಿತ್ರಕ್ಕಿಂತ ದನಿಯೇ ಗಟ್ಟಿ ಸಾಕ್ಷಿ. ಉಲ್ಲಂಗಿಗಳಲ್ಲಿ (ಸ್ನೈಪ್) ಹಾರುವಾಗಿನ ಚಿತ್ರ ಬೇಕು: ರೆಕ್ಕೆಯ ಹಿಂದಿನ ಅಂಚಿನಲ್ಲಿ ಸ್ಪಷ್ಟ ಬಿಳಿ ಗೆರೆ ಇದ್ದರೆ ಕಾಮನ್, ಇಲ್ಲದಿದ್ದರೆ ಪಿನ್‌ಟೇಲ್ ಕಡೆ ಯೋಚಿಸಿ. ಟಿಪ್ಪಣಿಯಲ್ಲಿ "ಚೆನ್ನಾಗಿ ನೋಡಿದೆ" ಎಂದು ಬರೆದರೆ ಯಾರಿಗೂ ಏನೂ ತಿಳಿಯದು. ಗಾತ್ರ, ಕಂಡ ಗುರುತು, ಹೋಲುವ ಹಕ್ಕಿಯನ್ನು ಯಾಕೆ ತಳ್ಳಿಹಾಕಿದಿರಿ ಎಂಬ ಮೂರು ಸಾಲು ಸಾಕು.

ಒಂದು ಪಟ್ಟಿ 8 ಕಿ.ಮೀ. ಮೀರದಿರಲಿ. ದರೋಜಿಯಿಂದ ಮಾಗಡಿವರೆಗೆ ಒಂದೇ ಪಟ್ಟಿ ಎಳೆದರೆ ಜಿಲ್ಲೆ ಕಲಸಿಹೋಗುತ್ತದೆ.

ಡಿಸೆಂಬರ್ 31ರ ಸಂಜೆಗೆ ಗೂಬೆಗಳನ್ನು ಉಳಿಸಿಕೊಳ್ಳಿ. ಚಳಿಗಾಲದ ನಡುವೆ ಹಲವು ಗೂಬೆಗಳು ಕೂಗಲು ಶುರುಮಾಡಿರುತ್ತವೆ, ಊರಿನ ಗದ್ದಲದಿಂದ ದೂರದ ಹಳ್ಳಿ ರಸ್ತೆ ಸಾಕು. ಪಟ್ಟಿಯನ್ನು ರಾತ್ರಿ 11.55ಕ್ಕೆ ಮುಗಿಸಿ ಸಲ್ಲಿಸಿ. ಹನ್ನೆರಡು ದಾಟಿದ ಮೇಲೆ ಕೇಳಿದ ದನಿ ಹೊಸ ವರ್ಷದ್ದು, ಅದಕ್ಕೆ ಬೇರೆ ಪಟ್ಟಿ ತೆರೆಯಿರಿ. ಸಲ್ಲಿಸದೆ ಫೋನಿನಲ್ಲೇ ಉಳಿದ ಹಳೆಯ ಪಟ್ಟಿಗಳನ್ನು ಜನವರಿಯಲ್ಲೂ ಹಾಕಬಹುದು, ದಿನಾಂಕ ಸರಿಯಿದ್ದರಾಯಿತು. ಪರಿಶೀಲಕರ ಇಮೇಲ್ ಸ್ಪ್ಯಾಮ್‌ಗೆ ಬಿದ್ದಿದೆಯೇ ಎಂದೂ ಆ ತಿಂಗಳಿಡೀ ನೋಡುತ್ತಿರಿ.